ರೆಕ್ಕೆಯ ಮೇಲಿನ ಮೂರು ಬಣ್ಣ

ನೀರಿನ ತಟ್ಟೆಯಲ್ಲಿ ನೆನೆಸಿದ್ದ ಡೆಕಾಲ್ ಸ್ಟಿಕ್ಕರ್ ಕಾಗದದಿಂದ ಬಿಡುತ್ತಲೇ ಚೂರುಚೂರಾಯಿತು. ಎದುರು ಕುಳಿತಿದ್ದ ಬಾಡ ಊರಿನ ಗಿರಿಜಕ್ಕನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ವಾಯುಪಡೆಯಲ್ಲಿ ಮೆಕ್ಯಾನಿಕ್ ಆಗಿದ್ದ ಅವರ ಯಜಮಾನರು, ತಾವು ದುರಸ್ತಿ ಮಾಡುತ್ತಿದ್ದ ಯುದ್ಧವಿಮಾನದ ಪುಟ್ಟ ಮಾದರಿ ಕಟ್ಟಿ, ರೆಕ್ಕೆಗೆ ವಾಯುಪಡೆಯ ಗುರುತಾದ ಈ ತ್ರಿವರ್ಣದ ಚಕ್ರ ಅಂಟಿಸುವ ಮೊದಲೇ ತೀರಿಕೊಂಡಿದ್ದರು. ನನಗೂ ಅದೇ ಹವ್ಯಾಸವೆಂದು ತಿಳಿದು, ಅದನ್ನು ಮುಗಿಸಿಕೊಡಲೆಂದು ಗಿರಿಜಕ್ಕ ಕುಮಟಾದ ನಮ್ಮ ಮನೆಗೆ ತಂದಿದ್ದರು.

“ಬಹಳ ಹಳೇದು ಅಕ್ಕ, ಹೊಸದು ತರಿಸ್ತೇನೆ,” ಎಂದೆ.

“ಹೊಸದು ಎಂತಕ್ಕೆ? ಅವರು ತಂದಿಟ್ಟದ್ದು ಇದೇ ಅಲ್ವಾ?” ಎಂದ ಗಿರಿಜಕ್ಕ, ಒದ್ದೆ ಬೆರಳ ತುದಿಯಿಂದ ಒಂದೊಂದೇ ಚೂರನ್ನು ಎತ್ತಿ ರೆಕ್ಕೆಯ ಮೇಲೆ ಜೋಡಿಸಿದರು. ಕೇಸರಿ, ಬಿಳಿ, ಹಸಿರು ನಿಧಾನಕ್ಕೆ ಕೂಡಿಕೊಂಡವು. “ಆತು. ಇನ್ನು ಅವರ ಕೆಲಸ ಬಾಕಿ ಇಲ್ಲ,” ಎಂದರು.

ಒಂದು ಸುಕ್ಕೂ ಕಾಣದಂತೆ ಎಷ್ಟೋ ವಿಮಾನಗಳಿಗೆ ಗುರುತು ಅಂಟಿಸಿದ್ದೇನೆ. ಬಾಡಕ್ಕೆ ಹೋದಾಗ ಮಾತ್ರ, ಗಿರಿಜಕ್ಕನ ಟೀವಿ ಪಕ್ಕದಲ್ಲಿರುವ ಆ ಬಿರುಕಿನ ಚಕ್ರವನ್ನೇ ನೋಡುತ್ತ ನಿಂತುಬಿಡುತ್ತೇನೆ.