ಶಾಫ್ಟಿನ ಮೇಲೆ ನನ್ನ ಬೆರಳು

ನನ್ನ ಅಂಗೈ ಸದಾ ಬೆವರುತ್ತದೆ. ಗಾಬರಿಯಾದರೆ ಇನ್ನೂ ಹೆಚ್ಚು. ಅದನ್ನು ಮುಚ್ಚಿಟ್ಟುಕೊಂಡೇ ಬಳ್ಳಾರಿಯ ಸಣ್ಣ ಲೇತ್ ವರ್ಕ್‌ಶಾಪೊಂದಕ್ಕೆ ಸೇರಿದ್ದೆ. ಕುರುಗೋಡಿನಿಂದ ದಿನಾ ಬಸ್ಸು. ಅಕ್ಕಿ ಗಿರಣಿಯ ಯಂತ್ರಗಳಲ್ಲಿ ತಿರುಗುವ ಉಕ್ಕಿನ ಶಾಫ್ಟುಗಳನ್ನು ಅಳೆದು, ಎಣ್ಣೆ ಸವರಿ, ಕಾಗದ ಸುತ್ತುವುದು ನನ್ನ ಕೆಲಸ.

ಆ ಮಳೆಗಾಲ ಸಿರುಗುಪ್ಪದ ಗಿರಣಿಯೊಂದರಿಂದ ಫೋನು ಬಂತು, ನಾವು ಕಳಿಸಿದ ಶಾಫ್ಟುಗಳಿಗೆ ತುಕ್ಕು ಹಿಡಿದಿದೆ ಎಂದು. ಮೇಸ್ತ್ರಿಯ ಜೊತೆ ನಾನೂ ಹೋದೆ. ಗಿರಣಿಯ ಸಾಹುಕಾರರು ಕಾಗದ ಬಿಚ್ಚಿದರು. ಹೊಳೆಯುವ ಉಕ್ಕಿನ ಮೇಲೆ ಕಂದು ಬಣ್ಣದ ನಾಲ್ಕು ಬೆರಳು, ಒಂದು ಹೆಬ್ಬೆರಳು. ಗೆರೆಗಳೂ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಕೈಗಳನ್ನು ದುಪಟ್ಟಾದೊಳಗೆ ಎಳೆದುಕೊಂಡೆ.

"ಯಾರ್ರೀ ಇದನ್ನ ಮುಟ್ಟಿದವ್ರು?"

"ಮಳಿ ನೀರು ಬಿದ್ದಿರಬೇಕ್ರಿ. ಬ್ಯಾರೆ ಮಾಡಿ ಕೊಡ್ತೀವಿ," ಎಂದುಬಿಟ್ಟರು ಮೇಸ್ತ್ರಿ.

ಮರಳುವಾಗ ಬಸ್ಸಿನಲ್ಲಿ ಸುಮ್ಮನೆ ಕೂರಲಾಗಲಿಲ್ಲ. ಗದ್ದೆಗಳು ಮುಗಿಯುವ ಹೊತ್ತಿಗೆ ಹೇಳಿಯೇಬಿಟ್ಟೆ, "ಅವು ನನ್ನ ಬೆರಳ್ರಿ."

"ಗೊತ್ತೈತಿ."

"ಎಣ್ಣಿ ಹಚ್ಚಿದ್ದೆನಲ್ರಿ!"

"ಬೆವರಿನ ಮ್ಯಾಲೇ ಹಚ್ಚೀಯಲ್ಲ. ಉಪ್ಪು, ನೀರು ಎಣ್ಣಿ ಕೆಳಗ ಉಳಿದ್ವು. ತುಕ್ಕು ತಡಿಯೋ ಮದ್ದು ಬೆರೆಸಿದ ಎಣ್ಣಿ ಬ್ಯಾರೇನ ಐತಿ. ಅದು ನೀರನ್ನ ಎಬ್ಬಿಸಿ, ತಾನು ಕಬ್ಬಿಣಕ್ಕ ಅಂಟಿಕೊಂತೈತಿ. ನಮ್ಮ ವರ್ಕ್‌ಶಾಪ್ ಮಾಲೀಕ್ರು ಕೇಳಬೇಕಲ್ಲ, ಎಲ್ಲಾ ಎಣ್ಣಿ ಒಂದೇ ಅಂತಾರ."

ಮರುದಿನ ಮೇಸ್ತ್ರಿ ಎಲ್ಲಿಂದಲೋ ಆ ಎಣ್ಣೆಯ ಒಂದು ಪುಟ್ಟ ಡಬ್ಬಿ ತಂದುಕೊಟ್ಟರು. ಪರೀಕ್ಷಿಸಿ ನೋಡಲೆಂದು ನಾಲ್ಕು ಉಕ್ಕಿನ ತುಂಡುಗಳನ್ನು ಉಜ್ಜಿ, ನಾಲ್ಕಕ್ಕೂ ನನ್ನ ಹೆಬ್ಬೆರಳು ಒತ್ತಿದೆ. ಎರಡಕ್ಕೆ ಬರೀ ಎಣ್ಣೆ, ಎರಡಕ್ಕೆ ಡಬ್ಬಿಯದು. ಬಿಸಿನೀರಿನ ಬಕೆಟ್ಟಿನೊಳಗೆ ನೀರಿಗೆ ತಾಗದಂತೆ ತೂಗುಹಾಕಿ, ಒದ್ದೆ ಗೋಣಿ ಮುಚ್ಚಿದೆ. ಮೂರು ದಿನ ಕೆಲಸದಲ್ಲಿ ಮನಸ್ಸು ನಿಲ್ಲಲಿಲ್ಲ. ಗಳಿಗೆಗೊಮ್ಮೆ ಗೋಣಿ ಎತ್ತುತ್ತಿದ್ದೆ.

"ಬಿಡವ್ವಾ, ಆವಿ ಎಲ್ಲಾ ಹೋಗ್ತೈತಿ!" ಎಂದು ಮೇಸ್ತ್ರಿ ಗದರಿದರು.

ಮೂರು ದಿನ ಕಳೆದು ತೆಗೆದಾಗ ಬರೀ ಎಣ್ಣೆಯ ತುಂಡುಗಳಲ್ಲಿ ಹೆಬ್ಬೆರಳು ಕಂದಾಗಿ ಮೂಡಿತ್ತು. ಉಳಿದೆರಡರಲ್ಲಿ ಒಂದು ಶುಭ್ರ, ಇನ್ನೊಂದರ ಅಂಚಿನಲ್ಲಿ ಎಣ್ಣೆ ತಾಗದ ಕಡೆ ಸಣ್ಣ ಚುಕ್ಕೆ. ಮೇಸ್ತ್ರಿಗೂ ಹೇಳದೆ ಮಾಲೀಕರ ಮೇಜಿನ ಮೇಲೆ ನಾಲ್ಕನ್ನೂ ಇಟ್ಟೆ.

"ಈ ಹೆಬ್ಬೆಟ್ಟು ನಂದ್ರಿ. ಸಿರುಗುಪ್ಪದಾಗಿರೋದೂ ನಂದ."

ಅವರು ತುಂಡು ನೋಡಲಿಲ್ಲ. "ಎಲ್ಲಿ, ಕೈ ತೋರಿಸು," ಎಂದರು. ಚಾಚಿದೆ. ಹನಿಗಳು ಎದ್ದು ಕಾಣುತ್ತಿದ್ದವು. ಕೆಲಸ ಹೋಯಿತೆಂದೇ ಅಂದುಕೊಂಡೆ.

"ಮೊದಲ ಹೇಳಬಾರದೇನು? ಗ್ಲೌಸ್ ತರಸ್ತಿದ್ದೆ," ಎಂದರು ಸಿಟ್ಟಿನಿಂದ. ಆಮೇಲೆ ಒಂದೊಂದೇ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಮೇಸ್ತ್ರಿಯನ್ನು ಕೂಗಿದರು: "ಆ ಎಣ್ಣಿ ಎಲ್ಲಿ ಸಿಗ್ತೈತಿ?"