ಹಿಂದಿನ ಸೀಟಿನ ಅನ್ನ

ಡಲ್ಲಾಸ್ ಪಕ್ಕದ ಮರ್ಫಿಯಿಂದ ಹೊರಟ ಬೆಳಿಗ್ಗೆ ಮಂಜು ಕವಿದಿತ್ತು. ಮಂಜಿನಲ್ಲಿ ಡ್ರೈವ್ ಮಾಡುವುದೆಂದರೆ ನನಗೆ ಜೀವ ಬಾಯಿಗೆ ಬರುತ್ತದೆ. ಆದರೆ ನೆರೆಮನೆಯ ಲೂಯಿಸಾ ಆಗಲೇ ಕೋಟು ತೊಟ್ಟು ಕಾರಿನಲ್ಲಿ ಕೂತುಬಿಟ್ಟಿದ್ದರು. ಇಟಲಿಯಿಂದ ಬಂದ ಈ ಹಿರಿಯ ಹೆಂಗಸಿಗೆ ಮರೆವು ಹೆಚ್ಚುತ್ತಿತ್ತು. ಮುಂದಿನ ವಾರ ಮಗ ಅವರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವವನಿದ್ದ. ಅಷ್ಟರೊಳಗೆ ದೂರದ ಊರು ದ ವುಡ್‌ಲ್ಯಾಂಡ್ಸ್‌ನಲ್ಲಿರುವ ಗೆಳತಿ ಕಾರ್ಲಾಳನ್ನು ನೋಡಲೇಬೇಕೆಂದು ಹಟ ಹಿಡಿದಿದ್ದರು.

ಹೊರಡುವ ಮುಂಚೆ ಹಿಂದಿನ ಸೀಟಿನ ಕಡೆ ತಿರುಗಿ, "ಅನ್ನ?" ಎಂದು ಕೇಳಿದರು.

ನನಗೆ ಹೆಮ್ಮೆಯಾಯಿತು. ನಮ್ಮ ಮನೆಯಲ್ಲಿ ಎಷ್ಟೋ ಸಲ ಉಂಡವರು, ಅಂತೂ ಒಂದು ಕನ್ನಡ ಪದ ಕಲಿತರಲ್ಲ! "ಬ್ಯಾಗಿನಲ್ಲಿದೆ, ಪುಳಿಯೋಗರೆ" ಎಂದೆ. ಅವರು ಸ್ವಲ್ಪ ಹೊತ್ತು ಕಾದು, "ಸರಿ, ಹೊರಡು" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ದಾರಿಯಲ್ಲಿ ಅವರು ಹೇಳಿದ್ದು ಇಟಲಿಯಲ್ಲಿ ತಾವು ಆಡುತ್ತಿದ್ದ ಫುಟ್‌ಬಾಲ್ ಕ್ಲಬ್ಬಿನ ಕಥೆ. ಉಣ್ಣೆ ಗಿರಣಿಯ ಹುಡುಗಿಯರು ಅಣ್ಣಂದಿರ ಅಂಗಿ ತೊಟ್ಟು ಕಟ್ಟಿದ ತಂಡ. ದುಡ್ಡು ಕೊಟ್ಟ ಕಂಪನಿಯ ಹೆಸರೇ ತಂಡಕ್ಕೆ. ಒಂದು ವರ್ಷ ಬಿಸ್ಕತ್ತು, ಇನ್ನೊಂದು ವರ್ಷ ಫ್ರಿಜ್ಜು. ದೇಶದ ಮೊದಲ ದರ್ಜೆಯವರೆಗೂ ಏರಿತು. ಕೊನೆಗೆ ಕೈ ಬರಿದಾಗಿ ಲೀಗಿನಲ್ಲಿದ್ದ ಜಾಗ ಬೇರೆ ಊರಿನ ಪಾಲಾಯಿತು. "ಈಗ ಅದು ನನ್ನ ಮತ್ತು ಕಾರ್ಲಾಳ ತಲೆಯೊಳಗೆ ಮಾತ್ರ ಇದೆ" ಎಂದರು ಲೂಯಿಸಾ.

ಆಸ್ಟಿನ್ನಿನಲ್ಲಿ ದ ಡೊಮೇನ್ ಮಾಲ್ ಹತ್ತಿರ ಇರುವ ನನ್ನ ಚಿಕ್ಕಪ್ಪನ ಮಗಳು ಸುನಂದಾಳ ಮನೆಯಲ್ಲಿ ಊಟ. ಧಾರವಾಡದ ಕೈ, ಸಾರು ಖಡಕ್ಕಾಗಿತ್ತು. ಮತ್ತೆ ಕಾರು ಹತ್ತುವಾಗ ಲೂಯಿಸಾ ಹಿಂದೆ ತಿರುಗಿ, "ಅನ್ನ?" ಎಂದರು.

"ಪಾಪ, ಹೊಟ್ಟಿ ತುಂಬಿಲ್ಲ ಕಾಣ್ತದ. ಅನ್ನ ಕೇಳಾಕತ್ತಾರ ನೋಡಕ್ಕಾ" ಎಂದು ಸುನಂದಾ ಒಳಗೆ ಓಡಿ ದೊಡ್ಡ ಡಬ್ಬಿ ತುಂಬಿ ತಂದು ಹಿಂದಿನ ಸೀಟಿನಲ್ಲಿಟ್ಟಳು. ಲೂಯಿಸಾ ಅದನ್ನು ಮುಟ್ಟಲೇ ಇಲ್ಲ. ಡಬ್ಬಿಯನ್ನು ನನ್ನಿಂದ ಕೆಳಗಿಡಿಸಿ ಸೀಟು ಖಾಲಿ ಮಾಡಿಸಿದರು.

ಸಂಜೆ ಕಾರ್ಲಾರ ಮನೆ ತಲುಪಿದಾಗ ಪೈನ್ ಮರಗಳ ಕೆಳಗೆ ಮತ್ತೆ ಮಂಜು ಇಳಿಯುತ್ತಿತ್ತು. ಗಾಲಿಕುರ್ಚಿಯಲ್ಲಿದ್ದ ಕಾರ್ಲಾರನ್ನು ಲೂಯಿಸಾ ತಟ್ಟನೆ ಗುರುತು ಹಿಡಿದು ಅಪ್ಪಿಕೊಂಡರು. ಅನ್ನದ ತಮಾಷೆಯನ್ನು ನಾನು ನಗುತ್ತಾ ಹೇಳಿದೆ. ಕಾರ್ಲಾ ನಗಲಿಲ್ಲ.

"ಅನ್ನಾ ನಮ್ಮ ಗೋಲ್‌ಕೀಪರ್" ಎಂದರು. "ಒಂದು ಮಂಜಿನ ದಿನ ತಂಡದ ಬಸ್ಸು ದಾರಿಯಲ್ಲಿ ನಿಂತಿತ್ತು. ಎಲ್ಲರೂ ಹತ್ತಿದರೆಂದು ಹೊರಟೆವು. ಅವಳು ಹಿಂದೆ ಓಡಿ ಬಂದಳಂತೆ. ಲಾರಿಯವನಿಗೆ ಕಾಣಲಿಲ್ಲ. ಆಮೇಲೆ ಅವಳನ್ನು ಕರೆಯದೆ ಬಸ್ಸು ಹೊರಟದ್ದೇ ಇಲ್ಲ. ತಂಡದ ಹೆಸರು ಬದಲಾಯಿತು, ಹುಡುಗಿಯರು ಬದಲಾದರು. ಅವಳನ್ನು ನೋಡದವರೂ ಕರೆಯುತ್ತಿದ್ದರು."

"ಉತ್ತರ ಯಾರು ಕೊಡುತ್ತಿದ್ದರು?"

"ಅವಳೇ."

ಬೀಳ್ಕೊಡುವಾಗ ಕಾರ್ಲಾ ನನ್ನ ಕೈ ಹಿಡಿದು, "ನಾನು ಈಗ ಎಲ್ಲಿಗೂ ಹೋಗುವುದಿಲ್ಲ, ಅವಳನ್ನು ಕರೆಯುವ ಪ್ರಸಂಗವೂ ಇಲ್ಲ. ಲೂಯಿಸಾ ಮರೆತರೆ ಅನ್ನಾ ಮತ್ತೆ ರಸ್ತೆಯಲ್ಲೇ ಉಳಿಯುತ್ತಾಳೆ" ಎಂದರು.

ಮರುದಿನ ಡಲ್ಲಾಸ್ ಕಡೆ ವಾಪಸ್ ಬರುವಾಗ ಹಂಟ್ಸ್‌ವಿಲ್ ದಾಟಿ ಕಾಫಿಗೆ ನಿಲ್ಲಿಸಿದೆವು. ಹತ್ತು ಅಡಿ ಆಚೆಯದೂ ಕಾಣದಂಥ ಮಂಜು. ಲೂಯಿಸಾ ಕಾರು ಹತ್ತಿ, ಬೆಲ್ಟ್ ಹಾಕಿಕೊಂಡು, ನೇರವಾಗಿ ಮುಂದೆ ನೋಡುತ್ತಾ ಕುಳಿತರು. ನಾನು ಕಾದೆ. ಅವರು ತಿರುಗಲಿಲ್ಲ.

"ಯಾಕೆ ನಿಂತಿದ್ದೀಯ? ಹೊರಡು."

"ಅನ್ನಾ?" ಎಂದು ನೆನಪಿಸಿದೆ.

"ಬೇಡ, ಹಸಿವಿಲ್ಲ" ಎಂದರು.

ನನಗೆ ಅಳು ಬಂತು. ಹೆದರಿಕೆಯೂ ಆಯಿತು. ಕಾರ್ ಸ್ಟಾರ್ಟ್ ಮಾಡಲು ಕೈ ಬರಲಿಲ್ಲ. ಕೊನೆಗೆ ನಾನೇ ಖಾಲಿ ಸೀಟಿನ ಕಡೆ ತಿರುಗಿ ಗಟ್ಟಿಯಾಗಿ ಕರೆದೆ: "ಅನ್ನಾ!"

ಲೂಯಿಸಾ ಕಾಯುತ್ತಿದ್ದಂತೆ ನಾನೂ ಕಾದೆ. ಏನೂ ಕೇಳಿಸಲಿಲ್ಲ. ಆದರೂ ಯಾವಾಗ ಹೊರಡಬೇಕೆಂಬುದು ನನಗೆ ಗೊತ್ತಾಯಿತು.