ಸುಣ್ಣದ ಪಟ್ಟೆ

ತುರುವೇಕೆರೆ ಕಡೆಯ ಶಿಂಷಾ ಹೊಳೆ ಬೇಸಿಗೆಯಲ್ಲಿ ಹೊಳೆ ಅನ್ನಿಸಿಕೊಳ್ಳಲು ನಾಚಬೇಕು, ಅಷ್ಟು ಸಣ್ಣದಾಗುತ್ತದೆ. ಆದರೂ ಅಂಕಮ್ಮ ದಿನಾ ಬೆಳಿಗ್ಗೆ ಡೇರಿಗೆ ಹಾಲು ಹಾಕಿ, ದಂಡೆಯ ಮೇಲಿನ ತಮ್ಮ ತೋಟಕ್ಕೆ ಬಂದು, ಬಂಡೆಯ ಮೇಲೆ ಅರ್ಧ ಗಂಟೆ ಸುಮ್ಮನೆ ಕೂರುತ್ತಿದ್ದಳು. ರೈತರ ಮನೆಯ ಹೆಂಗಸು ಕೈಕಟ್ಟಿ ಕೂತರೆ ಊರು ಬಿಡುತ್ತದೆಯೇ? "ಏನವ್ವ, ಕೊಕ್ಕರೆ ಎಲ್ಲಾ ಹಾಜರಾ?" ಎಂದು ಪಕ್ಕದ ತೋಟದ ಕೆಂಪಕ್ಕ ಕೆಣಕುವಳು. ಅಂಕಮ್ಮ ನಗುವಳು, ಏಳುತ್ತಿರಲಿಲ್ಲ.

ಈ ಚಾಳಿ ಹಿಡಿಸಿದವಳು ಮಗಳು ಗಾನವಿ. ಕಾಲೇಜಿಗೆ ಹೊರಡುವ ಮುಂಚೆ ತಾಯಿಯನ್ನು ಎಳೆತಂದು ಕೂರಿಸಿ, "ಮಾತಾಡ್ಬೇಡ ಕಣಮ್ಮ, ಬರೀ ನೋಡು" ಅನ್ನುತ್ತಿದ್ದಳು. ಮಿಂಚುಳ್ಳಿ ಮೀನಿನ ಮೇಲೆ ಬೀಳುವುದು, ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸುವುದು, ಮುಂಗುಸಿ ಮರಿಗಳನ್ನು ನೀರಿಗೆ ಕರೆತರುವುದು, ಇದಾವುದನ್ನೂ ಅಂಕಮ್ಮ ಮದುವೆಯಾಗಿ ಬಂದಾಗಿನಿಂದ ಅಲ್ಲೇ ಬಟ್ಟೆ ಒಗೆದರೂ ಕಂಡಿರಲಿಲ್ಲ. ಸುಳಿ ಸತ್ತು ಬೋಳಾದ ತೆಂಗಿನ ಮರವೊಂದರ ಪೊಟರೆಯಲ್ಲಿ ಗಿಳಿಗಳು ಸಂಸಾರ ಹೂಡಿದ್ದವು. "ಇದೊಂದನ್ನ ಕಡಿಸ್ಬೇಡಮ್ಮ" ಎಂದು ಗಾನವಿ ಕೈಮೇಲೆ ಕೈ ಹಾಕಿಸಿಕೊಂಡು ಭಾಷೆ ತೆಗೆದುಕೊಂಡಿದ್ದಳು.

ಹೋದ ಮಳೆಗಾಲದಲ್ಲಿ ಡೆಂಗಿ ಜ್ವರ ಬಂದು ಐದೇ ದಿನಕ್ಕೆ ಹುಡುಗಿ ಹೋಯಿತು. ಹತ್ತೊಂಬತ್ತು ವರ್ಷ. ದೇವರಿಗೆ ಅಷ್ಟೇನು ಅವಸರವಿತ್ತೋ! ಅಂಕಮ್ಮನ ಪಾಲಿಗೆ ಉಳಿದದ್ದು ಆ ಬಂಡೆ, ಆ ಭಾಷೆ.

ಸತ್ತ ಮರ ನಿಂತಿದ್ದರೆ ದುಂಬಿ ಸೇರಿಕೊಂಡು ಪಕ್ಕದ ಮರಗಳ ಸುಳಿಯನ್ನೂ ತಿಂದುಹಾಕುತ್ತದೆ. ಅದಕ್ಕೇ ಶಿವರಾತ್ರಿ ಕಳೆದ ಮೇಲೆ ಗಂಡ ತಿಮ್ಮರಾಜು ಬೋಳು ಮರ ಕಡಿಯಲು ಹೊರಗಿನ ಆಳುಗಳನ್ನು ಗೊತ್ತು ಮಾಡಿದ.

"ಗಿಳಿ ಮರ ಮುಟ್ಬಾರ್ದು" ಎಂದಳು ಅಂಕಮ್ಮ. "ಮರಿ ಅವೆ."

"ನಾನೇ ನಿಂತು ತೋರಿಸ್ತೀನಿ ಬುಡು" ಎಂದ ತಿಮ್ಮರಾಜು.

ಅವಳ ಜೀವ ಕೇಳಲಿಲ್ಲ. ಅವರ ತೋಟದಲ್ಲಿ ಬೀಜದ ಕಾಯಿಗೆಂದು ಬಿಟ್ಟ ಮರಗಳಿಗೆ ಸುಣ್ಣದ ಪಟ್ಟೆ ಬಳಿಯುವುದು ವಾಡಿಕೆ. ಪಟ್ಟೆ ಇದ್ದ ಮರಕ್ಕೆ ಯಾರೂ ಕೈ ಹಚ್ಚುವಂತಿಲ್ಲ. ಸಂಜೆ ಸುಣ್ಣ ಕಲಸಿಕೊಂಡು ಹೋಗಿ, ಗಿಳಿ ಮರಕ್ಕೆ ಸುತ್ತಲೂ ಕೈಯಾರೆ ದಪ್ಪಗೆ ಬಳಿದಳು. ಆ ರಾತ್ರಿ ನೆಮ್ಮದಿಯಾಗಿ ನಿದ್ದೆ ಬಂತು.

ಬೆಳಿಗ್ಗೆ ಹಾಲು ಹಾಕಿ ಬರುವಷ್ಟರಲ್ಲಿ ಹೊಳೆಯ ಕಡೆಯಿಂದ ಗಿಳಿಗಳ ಅರಚಾಟ ಕೇಳಿಸಿತು. ಓಡಿದಳು. ಮರ ಅಡ್ಡ ಬಿದ್ದಿತ್ತು. ಪೊಟರೆ ಸೀಳಿಹೋಗಿ, ಪುಕ್ಕ ಬಲಿಯದ ಮೂರು ಮರಿಗಳು ಮರಳಲ್ಲಿ ಸತ್ತು ಬಿದ್ದಿದ್ದವು. ತಿಮ್ಮರಾಜು ಆಳುಗಳಿಗೆ ತಿಂಡಿ ತರಲು ಮನೆಗೆ ಹೋಗಿದ್ದ. ಅವರು ಕಾಯದೆ ಕೆಲಸ ಶುರು ಮಾಡಿದ್ದರು.

"ಯಾರಪ್ಪ ಇದನ್ನ ಕಡಿಯೋಕೆ ಹೇಳ್ದೋರು?" ಎಂದು ಅಂಕಮ್ಮ ಕಿರುಚಿದಳು.

ಮರ ಕಡಿಯುವ ಪರಮೇಶ ಗಾಬರಿಯಾದ. "ಸುಣ್ಣ ಬಳ್ದಿತ್ತಲ್ಲವ್ವ. ನಮ್ ಕಡೆ ಕಡಿಯೋ ಮರಕ್ಕೇ ಹಂಗೆ ಗುರ್ತು ಹಾಕೋದು. ಅದ್ಕೇ ಇದನ್ನೇ ಮೊದ್ಲು ಕಡುದ್ವಿ."

ಅಂಕಮ್ಮನಿಗೆ ಬೈಯಲು ಯಾರೂ ಉಳಿಯಲಿಲ್ಲ. ತಿಂಡಿಯ ಡಬ್ಬಿ ಹಿಡಿದು ಬಂದ ತಿಮ್ಮರಾಜು ಬಿದ್ದ ಮರವನ್ನೂ ಅದರ ಬಿಳಿ ಪಟ್ಟೆಯನ್ನೂ ನೋಡಿ ಮುಖ ತಿರುಗಿಸಿಕೊಂಡ.

ಗಿಳಿಗಳೆರಡೂ ಮರ ನಿಂತಿದ್ದ ಜಾಗಕ್ಕೆ ಹಾರಿ ಬರುವವು, ಕೂರಲು ಏನೂ ಸಿಗದೆ ಅರಚುತ್ತಾ ಸುತ್ತುವವು. ಅಂಕಮ್ಮ ಬಂಡೆಯ ಮೇಲೆ ಕುಸಿದು ಕೂತಳು. ಉಗುರಿನ ಸಂದಿಯಲ್ಲಿ ಸುಣ್ಣ ಇನ್ನೂ ಹಾಗೇ ಇತ್ತು.

"ಗಾನವಿ, ನಾನೇ ಕಣವ್ವ" ಎಂದಳು. "ನಾನೇ ಬಳ್ದೆ."